ಅಮೆರಿಕಾನೇ ಬಿಟ್ಟ ಮೇಲೆ ನನ್ನ ಎರಡು ಬಕೆಟ್ ಯಾಕೆ?

ಎರಡು ಬಕೆಟ್, ಕ್ಯಾತ್ಸಂದ್ರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ನಾಲ್ಕು ವರ್ಷದಿಂದ ನಮ್ಮಲ್ಲಿ ಹಸಿ ಕಸಕ್ಕೆ ಒಂದು ಬಕೆಟ್, ಒಣ ಕಸಕ್ಕೆ ಒಂದು ಬಕೆಟ್. ಹಸಿ ಕಸ ಮಹಡಿ ಮೇಲಿನ ಗೊಬ್ಬರದ ತೊಟ್ಟಿಗೆ ಹೋಗುತ್ತದೆ. ಹೋದ ವರ್ಷ ಸಾಲ ಮಾಡಿ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬಂತು. ಅಂಗಡಿಗೆ ಹೋಗುವಾಗ ಬಟ್ಟೆ ಚೀಲ. ಇಷ್ಟೇ ನನ್ನ ದೊಡ್ಡಸ್ತಿಕೆ.

ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ, "ಮಿಸ್, ಪ್ಯಾರಿಸ್ ಒಪ್ಪಂದ ಪರೀಕ್ಷೆಗೆ ಬರುತ್ತಾ? ಅಮೆರಿಕಾ ಬಿಟ್ಟುಬಿಡ್ತಂತಲ್ಲ?" ಎಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದ ಅದು. ಹುಡುಗ ಹೇಳಿದ್ದು ಸರಿಯಾಗೇ ಇದೆ. 2025ರ ಜನವರಿ 20ಕ್ಕೆ, ಕುರ್ಚಿ ಹತ್ತಿದ ದಿನವೇ, ಟ್ರಂಪ್ ಸಹಿ ಹಾಕಿದರು. ಒಂದು ವರ್ಷದ ನೋಟಿಸ್ ಮುಗಿದು 2026ರ ಜನವರಿ 27ಕ್ಕೆ ಅಮೆರಿಕಾ ಹೊರಗೆ. ಅದೂ ಎರಡನೇ ಸಲ. ಈ ನಡುವೆ 2025ರ ನವೆಂಬರಿನಲ್ಲಿ ಬ್ರೆಜಿಲ್‌ನ ಬೆಲೆಂನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಭೆ ಆಯಿತು. ಎರಡು ವಾರ ಮಾತಾಡಿದರು. ಕೊನೆಯ ತೀರ್ಮಾನದಲ್ಲಿ ಕಲ್ಲಿದ್ದಲು, ತೈಲ ಬಿಡುವ ಮಾತೇ ಇಲ್ಲ. ಮದುವೆ ಮಾತುಕತೆಗೆ ಕೂತು ಹುಡುಗನ ಹೆಸರು ಎತ್ತದೆ ಕಾಫಿ ಕುಡಿದು ಎದ್ದುಬಂದ ಹಾಗೆ. ಅಷ್ಟರಲ್ಲಿ 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ ಅನ್ನಿಸಿಕೊಂಡಿತ್ತು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದಕ್ಕಿಂತ 1.5 ಡಿಗ್ರಿ ಜಾಸ್ತಿ ಅನ್ನುವ ಗೆರೆ ದಾಟಿದ ಮೊದಲ ವರ್ಷವೂ ಅದೇ.

ದೂರದ ಮಾತು ಬಿಡಿ. ನಮ್ಮ ಬೀದಿಯಲ್ಲಿ ಎರಡು ಹೊಂಗೆ ಮರ ಇದ್ದವು. ರಸ್ತೆ ಅಗಲ ಮಾಡುತ್ತಾರೆ ಅಂತ ಗೊತ್ತಾಗಿ ಅರ್ಜಿ ಕೊಟ್ಟೆ. "ಪರಿಶೀಲಿಸಲಾಗುವುದು" ಅಂತ ಉತ್ತರ ಬರುವಷ್ಟರಲ್ಲಿ ಮರ ಇರಲಿಲ್ಲ.

ನಮ್ಮ ಯಜಮಾನರು ದಿನಾ ಬೆಳಿಗ್ಗೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. "ಅಮೆರಿಕಾನೇ ಬಿಟ್ಟ ಮೇಲೆ ನಿನ್ನ ಎರಡು ಬಕೆಟ್ ಯಾಕೆ?" ಅಂತ ರೇಗಿಸುತ್ತಾರೆ. (ನಿಜ ಹೇಳಬೇಕು ಅಂದರೆ ಕಾರು ಕೊಳ್ಳದೆ ರೈಲು ಹತ್ತುವ ಅವರೇ ನನಗಿಂತ ಜಾಸ್ತಿ ಮಾಡುತ್ತಿರುವುದು. ಹೇಳಲು ಹೋಗಿಲ್ಲ.)

ನೀವೆಲ್ಲ ಹೇಗೆ ಮುಂದುವರಿಸುತ್ತೀರಿ? "ಧೈರ್ಯವಾಗಿರಿ ಮೇಡಂ" ಅನ್ನುವ ಮಾತು ದಯವಿಟ್ಟು ಬೇಡ.

ಇನ್ನೊಂದು. ತೊಟ್ಟಿಯಲ್ಲಿ ಬಿಳಿ ಹುಳ ಆಗಿವೆ. ಅದಕ್ಕೂ ಏನಾದರೂ ಹೇಳಿ.

ತಿರುಮಣಿ ಹುಡುಗ:

ಅಕ್ಕಾ, ನಾನು ಪಾವಗಡ ತಾಲ್ಲೂಕಿನವನು. ನಿಮ್ಮ ಶಿಷ್ಯನಿಗೆ ಇದನ್ನೂ ಹೇಳಿ. ಅಮೆರಿಕಾ ಮೊದಲನೇ ಸಲ ಬಿಡುತ್ತೇವೆ ಅಂದಿದ್ದು 2017ರ ಜೂನಿನಲ್ಲಿ. ಮರುವರ್ಷ ಮಾರ್ಚಿಗೆ ನಮ್ಮ ಸೋಲಾರ್ ಪಾರ್ಕ್ ಶುರುವಾಯಿತು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಐದು ಊರು, ಸುಮಾರು 13,000 ಎಕರೆ. ಅಮೆರಿಕಾ ಹೋಗಿದ್ದೂ ಗೊತ್ತಾಗಲಿಲ್ಲ, 2021ರಲ್ಲಿ ವಾಪಸ್ ಬಂದಿದ್ದೂ ಗೊತ್ತಾಗಲಿಲ್ಲ.

ಯಾಕೆ ಅಂದರೆ ಕಂಪನಿಗಳು ಭೂಮಿ ಮೇಲಿನ ಪ್ರೀತಿಗೆ ಬಂದಿರಲಿಲ್ಲ. ಪ್ಯಾನೆಲ್ ಅಗ್ಗ ಆಗಿತ್ತು. 2010ರ ಹರಾಜಿನಲ್ಲಿ ಸೋಲಾರ್ ಕರೆಂಟು ಯೂನಿಟ್‌ಗೆ 10 ರೂಪಾಯಿಗಿಂತ ಮೇಲೆ. 2020ರ ಡಿಸೆಂಬರಿನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆಗೆ ಕೂಗಿದರು. ಒಂದು ಸಲ ಅಗ್ಗ ಆದ ಮಾಲನ್ನು ಯಾವ ಸರ್ಕಾರವೂ ಮತ್ತೆ ದುಬಾರಿ ಮಾಡುವುದು ಕಷ್ಟ. ನನ್ನ ನಂಬಿಕೆ ಇರುವುದು ಅಲ್ಲಿ, ಸಭೆಗಳ ಮೇಲೆ ಅಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅನ್ನಲ್ಲ. 2025ರಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಅನಿಲ, ಡೀಸೆಲ್ ಅಲ್ಲದ್ದು ಅಂತ ಹೇಳಿದರು. 2030ಕ್ಕೆ ಇಟ್ಟುಕೊಂಡ ಗುರಿ ಅದು. ಖುಷಿಯೇ. ಆದರೆ ಸಾಮರ್ಥ್ಯ ಬೇರೆ, ತಂತಿಯಲ್ಲಿ ಬರುವ ಕರೆಂಟು ಬೇರೆ. ಅದರಲ್ಲಿ ಇವತ್ತಿಗೂ ದೊಡ್ಡ ಪಾಲು ಕಲ್ಲಿದ್ದಲಿನದ್ದೇ. ನಮ್ಮೂರಲ್ಲೂ ಹಾಗೇ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ಬಾಡಿಗೆಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುತ್ತದೆ. ನಮ್ಮಪ್ಪನಿಗೆ ಬರುತ್ತದೆ. ಆ ಹೊಲಗಳಿಗೆ ಕೂಲಿಗೆ ಬರುತ್ತಿದ್ದವರಿಗೆ ಕೂಲಿ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಸಿಕ್ಕಿತು.

ಹಾಗೇ ಸುಮ್ನೆ:

ಒಬ್ಬ ದೊಡ್ಡ ಮನುಷ್ಯ ಸ್ವಂತ ವಿಮಾನ ಹತ್ತಿ ಇಳಿದರೆ ನಿಮ್ಮ ನಾಲ್ಕು ವರ್ಷದ ಗೊಬ್ಬರ ಢಮಾರ್. ಟೈಂ ವೇಸ್ಟ್ ಮೇಡಂ.

ಎರಡು ಬಕೆಟ್, ಕ್ಯಾತ್ಸಂದ್ರ:

@ಹಾಗೇ ಸುಮ್ನೆ: ಲೆಕ್ಕದ ಮಿಸ್ ಹತ್ತಿರ ಲೆಕ್ಕ ತೆಗೆಯಬಾರದು. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್. ಮೂರಕ್ಕೆ ಹನ್ನೆರಡು. ವರ್ಷಕ್ಕೆ 4,380. ನಮ್ಮ ದೇಶದ ಗ್ರಿಡ್ ಕರೆಂಟು ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅಲ್ಲಿಗೆ ವರ್ಷಕ್ಕೆ ಮೂರು ಟನ್. ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಎರಡು ಟನ್ ಚಿಲ್ಲರೆ. ಅಂದರೆ ನಮ್ಮ ತಾರಸಿ ಒಬ್ಬರ ಪಾಲು ತೀರಿಸಿ ಮೇಲೆ ಸ್ವಲ್ಪ ಉಳಿಸುತ್ತದೆ. ವಿಮಾನದವರ ಮೇಲೆ ನನಗೂ ಸಿಟ್ಟಿದೆ. ಆದರೆ ಅವರ ಮೇಲಿನ ಸಿಟ್ಟಿಗೆ ನನ್ನ ತಾರಸಿ ಯಾಕೆ ಬಿಡಲಿ?

ನೀರಗಂಟಿ ಮೊಮ್ಮಗ, ಕೋಲಾರ:

ತಾಯೀ, ನಾನು ಬ್ಯಾಂಕಿನಲ್ಲಿದ್ದು ನಿವೃತ್ತಿ ಆದವನು. ಬರೆಯುವುದು ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ತಾತ ಊರಿನ ನೀರಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಜೋರು ಮಳೆಯ ರಾತ್ರಿ ಏರಿ ಮೇಲೆ ಲಾಟೀನು ಹಿಡಿದು ಕಾಯುವುದು. ನಮ್ಮ ಕಡೆ ಕೆರೆ ತುಂಬುವುದು ಹಸ್ತ, ಚಿತ್ತೆ ಮಳೆಗೆ. ತಾತ ಬೇಸಿಗೆಯಲ್ಲೇ ಕಾಲುವೆಗೆ ಇಳಿಯುತ್ತಿದ್ದ. ಹೂಳು ಎತ್ತಿ, ಮುಳ್ಳು ಕಡಿದು, ನೀರು ಬರುವ ದಾರಿ ಬಿಡಿಸುತ್ತಿದ್ದ. ಎಷ್ಟೋ ವರ್ಷ ನೀರು ಬರುತ್ತಲೇ ಇರಲಿಲ್ಲ. ಕೋಲಾರ ತಾನೇ, ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ. ಮರುವರ್ಷ ಮತ್ತೆ ಗುದ್ದಲಿ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೇ ನೀತಿಕಥೆ ಆಗುತ್ತದೆ. ಆದರೆ ತಾತ ಭರವಸೆಯಿಂದ ಗುದ್ದಲಿ ಹಿಡಿಯಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಅಂತ ಭತ್ತ, ರಾಗಿ ಬರುತ್ತಿತ್ತು. ಅದು ಊರಿನ ಕಟ್ಟು. ಗೌರವ ಕೊಟ್ಟರು ಅಂತ ಸುಳ್ಳು ಹೇಳಲ್ಲ. ನಮ್ಮ ಮನೆ ಕೇರಿಯಲ್ಲೇ ಇತ್ತು. ಇಡೀ ಊರಿಗೆ ನೀರು ಹಂಚುವ ತಾತ ಊರ ಬಾವಿಯಲ್ಲಿ ನೀರು ಸೇದುವ ಹಾಗಿರಲಿಲ್ಲ. ಆದರೂ ಅವನ ಕೆಲಸ ಅವನೊಬ್ಬನ ಮನಸ್ಸಿನ ಮೇಲೆ ನಿಂತಿರಲಿಲ್ಲ. ಬೇಜಾರಾದರೂ ನಡೆಯುತ್ತಿತ್ತು.

ಆಮೇಲೆ ಕೊಳವೆ ಬಾವಿ ಬಂದವು. ಹಣ ಇದ್ದವರು ಅವರವರ ಹೊಲದಲ್ಲಿ ಕೊರೆಸಿಕೊಂಡರು. ಕಣದಲ್ಲಿ ತಾತನ ಪಾಲು ನಿಂತಿತು. ಮಳೆ ಮುಂಚೆಯೂ ಕೈ ಕೊಡುತ್ತಿತ್ತು, ಆದರೆ ನಮ್ಮ ಕೆರೆ ಸತ್ತದ್ದು ಆ ಪಾಲು ನಿಂತ ಮೇಲೆ. ಕೆರೆ ಅಂಗಳದ ತುಂಬ ಜಾಲಿ ಬೆಳೆಯಿತು.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ನಮ್ಮ ಜಿಲ್ಲೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುವುದು. ಮೊದಲು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. 2019ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಅದೇ ವರ್ಷ ತಡೆ ತೆಗೆಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಹೋರಾಟಗಾರರು ಕೇಳುತ್ತಾ ಬಂದಿದ್ದಾರೆ. ನಾನೂ ಆ ಕಡೆಯವನೇ. ಕೆಲವರ ಬೋರಿನಲ್ಲಿ ನೀರು ಮೇಲೆ ಬಂದಿದ್ದೂ ನಿಜ. ನಮ್ಮ ಕೆರೆಗೂ ನೀರು ಬಂತು. ನೀರಗಂಟಿ ಬರಲಿಲ್ಲ.

ಈಗ ನಾವು ಇಪ್ಪತ್ತಾರು ಮನೆ ತಿಂಗಳಿಗೆ ಇನ್ನೂರು ರೂಪಾಯಿ ಹಾಕಿ, ಕಾಲುವೆ ನೋಡಿಕೊಳ್ಳಲು ಒಬ್ಬರನ್ನು ಇಟ್ಟಿದ್ದೇವೆ. ಮೂರು ಮನೆ ಕೊಡುವುದಿಲ್ಲ, ಜಗಳ ಇದ್ದೇ ಇದೆ. ಅವರ ಮನೆ ಬಾಗಿಲಿಗೆ ಹೋಗುವ ಕೆಲಸ ನನ್ನದು.

ನಿಮ್ಮ ಬಕೆಟ್ ಸರಿಯಾಗೇ ಇವೆ ತಾಯೀ. ಆದರೆ ಕಣದ ಪಾಲಿಲ್ಲದ ನೀರಗಂಟಿ ಆಗಿದ್ದೀರಿ, ಅದಕ್ಕೇ ನಿದ್ದೆ ಬರುತ್ತಿಲ್ಲ. ಬೀದಿಯಲ್ಲಿ ನಾಲ್ಕು ಮನೆ ಹುಡುಕಿ. ಮರದ ವಿಷಯವೂ ಅಷ್ಟೇ. ನಮ್ಮಲ್ಲಿ 1976ರಿಂದ ಮರ ಸಂರಕ್ಷಣೆಯ ಕಾಯ್ದೆ ಇದೆ. ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮುಂದಿನ ಸಲ ಮರದ ಕೆಳಗೆ ಹತ್ತು ಜನ ನಿಂತು "ಅನುಮತಿ ಪತ್ರ ತೋರಿಸಿ" ಅನ್ನಿ. ಒಬ್ಬರ ಅರ್ಜಿ ಫೈಲಿಗೆ ಹೋಗುತ್ತದೆ.

ಗೌರಿಬಿದನೂರು ಸೊಸೆ:

ಎಲ್ಲರೂ ದೊಡ್ಡ ವಿಷಯ ಮಾತಾಡಿ ಹುಳ ಮರೆತರು 😄 ಅಕ್ಕಾ, ತೊಟ್ಟಿಯಲ್ಲಿ ತೇವ ಜಾಸ್ತಿ ಆಗಿದೆ. ಹುಳ ಏನೂ ಮಾಡಲ್ಲ, ನೋಡಲು ಅಸಹ್ಯ ಅಷ್ಟೇ. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಹಾಕಿ. ಎಲೆ ಇಲ್ಲದಿದ್ದರೆ ತೆಂಗಿನ ನಾರಿನ ಪುಡಿ. ಒಂದು ಹಿಡಿ ಬೇವಿನ ಹಿಂಡಿ. ಬಾಯಿಗೆ ಹಳೇ ಪಂಚೆ ಕಟ್ಟಿ, ನೊಣ ಒಳಗೆ ಹೋಗಬಾರದು. ಅನ್ನ, ಸಾರು ಸುರಿಯುತ್ತಿದ್ದರೆ ನಿಲ್ಲಿಸಿ.

ವಾರಕ್ಕೆ ಎರಡು ಸಲ ಮಗುಚಿ. ಗಾಳಿ ಆಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಕಸದ ಗುಡ್ಡೆಗಳಲ್ಲಿ ಆಗುವುದು ಅದೇ. ನಿಮ್ಮ ಹಸಿ ಬಕೆಟ್ ತಡೆಯುತ್ತಿರುವುದೂ ಅದನ್ನೇ.

ಎರಡು ಬಕೆಟ್, ಕ್ಯಾತ್ಸಂದ್ರ:

ಹತ್ತು ದಿನ ಆಯಿತು, ಉತ್ತರ ಬರೆಯುವುದು ತಡವಾಯಿತು. ಕೋಲಾರದ ಅಣ್ಣ ಬರೆದದ್ದನ್ನು ಮೂರು ಸಲ ಓದಿದೆ. ಬಾವಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಒಣ ಎಲೆ ಕೇಳಲು ಎದುರು ಮನೆ ಅಜ್ಜಿ ಹತ್ತಿರ ಹೋದೆ. ಅವರ ಹಿತ್ತಲಲ್ಲಿ ಮಾವಿನ ಮರ ಇದೆ. "ಗುಡಿಸಿದ ಎಲೆ ಸುಡೋದು ಯಾಕೆ, ಎಲ್ಲಾ ನೀನೇ ತಗೊಂಡ್ಹೋಗು, ನನ್ನ ತರಕಾರಿ ಸಿಪ್ಪೆನೂ ತಗೊ" ಅಂದರು. ಈಗ ದಿನಾ ಸಂಜೆ ಡಬ್ಬದಲ್ಲಿ ಸಿಪ್ಪೆ ಬರುತ್ತದೆ. ಪಕ್ಕದ ಮನೆಯವರು ಕೇಳಿ, ಅವರೂ ಕೊಡುತ್ತೇವೆ ಅಂದಿದ್ದಾರೆ. ನಾಲ್ಕನೆಯವರು ನಗುತ್ತಾರೆ, ಕೊಡುವುದಿಲ್ಲ. ಒಂದು ತೊಟ್ಟಿ ಸಾಲದು ಅಂತ ಭಾನುವಾರ ಯಜಮಾನರೇ ಹಳೇ ಡ್ರಮ್ಮಿಗೆ ತೂತು ಕೊರೆದುಕೊಟ್ಟರು. "ಅಮೆರಿಕಾಗೆ ಹೇಳ್ಬೇಡ" ಅಂದರು.

ಹುಡುಗನಿಗೆ ಹೇಳಿದೆ, ಪ್ಯಾರಿಸ್ ಒಪ್ಪಂದ ಓದಿಕೊಂಡೇ ಹೋಗು ಅಂತ. ಪಾವಗಡದ ಕಥೆಯನ್ನೂ ಹೇಳಿದೆ. "ಅದೂ ಬರೀಬಹುದಾ ಮಿಸ್?" ಅಂದ.

ಹುಳ ಕಡಿಮೆ ಆಗಿವೆ. ಪೂರ್ತಿ ಹೋಗಿಲ್ಲ. ಬೇವಿನ ಹಿಂಡಿ ಇನ್ನೊಂದು ಹಿಡಿ ಹಾಕಲಾ?