ಪ್ರಶ್ನೋತ್ತರ: ಭಯೋತ್ಪಾದನೆಗೆ ವ್ಯಾಖ್ಯೆ ಇಲ್ಲವೆಂದರೆ ಶಿಕ್ಷೆ ಹೇಗೆ?

ರಾಜ್ಯಶಾಸ್ತ್ರದ ವಿದ್ಯಾರ್ಥಿ: ನಮಸ್ಕಾರ ಮೇಡಂ. ತಾವು ಅಂತರರಾಷ್ಟ್ರೀಯ ಕಾನೂನು ಬೋಧಿಸುವವರಾದ್ದರಿಂದ ಕೇಳುತ್ತಿದ್ದೇನೆ. ಪ್ರತಿ ದಾಳಿಯ ಬೆನ್ನಿಗೇ ವಿಶ್ವಸಂಸ್ಥೆಯ ಖಂಡನೆ ಬರುತ್ತದೆ. ಆದರೆ ಭಯೋತ್ಪಾದನೆ ಎಂದರೇನು ಎಂಬುದರ ಬಗ್ಗೆ ದೇಶಗಳಲ್ಲಿ ಒಮ್ಮತವಿಲ್ಲವಂತೆ. ಹಾಗಾದರೆ ಯಾವ ಅಪರಾಧಕ್ಕೆ ಶಿಕ್ಷೆ ಕೊಡುತ್ತಾರೆ?

ಉತ್ತರ: ಒಮ್ಮತವಿಲ್ಲ ಎಂಬುದು ನಿಜ, ಆದರೆ ಅದರಿಂದ ಕಾನೂನೇ ಇಲ್ಲ ಎಂದಾಗುವುದಿಲ್ಲ. 1934ರಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಅವರನ್ನು ಫ್ರಾನ್ಸಿನ ಮಾರ್ಸೇಯಲ್ಲಿ ಕೊಲ್ಲಲಾಯಿತು. ಆ ಬಳಿಕ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘವು 1937ರಲ್ಲಿ ಭಯೋತ್ಪಾದನೆಯ ವಿರುದ್ಧ ಒಂದು ಒಪ್ಪಂದ ರೂಪಿಸಿತು. ಅನುಮೋದಿಸಿದ್ದು ಆಗಿನ ಬ್ರಿಟಿಷ್ ಆಳ್ವಿಕೆಯ ಭಾರತ ಮಾತ್ರ. ಒಪ್ಪಂದ ಜಾರಿಗೇ ಬರಲಿಲ್ಲ. 1996ರಲ್ಲಿ ಸ್ವತಂತ್ರ ಭಾರತ ವಿಶ್ವಸಂಸ್ಥೆಯ ಮುಂದೆ ಸಮಗ್ರ ಒಪ್ಪಂದದ ಪ್ರಸ್ತಾವವಿಟ್ಟಿತು. ಅದು ಎರಡು ಗಂಟುಗಳನ್ನು ಬಿಡಿಸಲಾಗದೆ ನಿಂತಿದೆ: ಪರಕೀಯ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದವರನ್ನು ಹೊರಗಿಡಬೇಕೇ? ಸರ್ಕಾರದ ಸೇನೆಯೇ ನಡೆಸುವ ಹಿಂಸೆಯನ್ನು ಒಳಗೆ ತರಬೇಕೇ?

ದೇಶಗಳು ಕಂಡುಕೊಂಡ ದಾರಿ ಬೇರೆ. ಪದದ ಜಗಳವನ್ನು ಬದಿಗಿಟ್ಟು, ಕೃತ್ಯಗಳನ್ನು ಒಂದೊಂದಾಗಿ ಅಪರಾಧವೆಂದು ಒಪ್ಪುತ್ತಾ ಹೋದವು: ವಿಮಾನಾಪಹರಣ 1970ರಲ್ಲಿ, ಒತ್ತೆಯಾಳುಗಳನ್ನು ಹಿಡಿಯುವುದು 1979ರಲ್ಲಿ, ಬಾಂಬ್ ಸ್ಫೋಟ 1997ರಲ್ಲಿ, ಭಯೋತ್ಪಾದನೆಗೆ ಹಣ ಪೂರೈಕೆ 1999ರಲ್ಲಿ. ಇವುಗಳಲ್ಲೆಲ್ಲ ಒಂದು ನಿಯಮ ಸಾಮಾನ್ಯ. ಆರೋಪಿ ನಿಮ್ಮ ನೆಲದಲ್ಲಿ ಸಿಕ್ಕರೆ ಕೇಳಿದ ದೇಶಕ್ಕೆ ಒಪ್ಪಿಸಿ, ಇಲ್ಲವೇ ನೀವೇ ವಿಚಾರಣೆಗೆ ಒಳಪಡಿಸಿ. ಅಡಗಲು ಜಾಗ ಕೊಡುವಂತಿಲ್ಲ.

1999ರ ಒಪ್ಪಂದದ ಎರಡನೇ ವಿಧಿಯನ್ನು ದಯವಿಟ್ಟು ಓದಿ. ಜನರನ್ನು ಬೆದರಿಸುವ ಅಥವಾ ಸರ್ಕಾರವನ್ನು ಮಣಿಸುವ ಉದ್ದೇಶದಿಂದ ನಾಗರಿಕರನ್ನು ಕೊಲ್ಲುವ ಕೃತ್ಯವನ್ನು ಅದು ಸ್ಪಷ್ಟವಾಗಿ ವಿವರಿಸುತ್ತದೆ. 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದವನ್ನು ಒಪ್ಪಿವೆ. ವ್ಯಾಖ್ಯೆ ಇಲ್ಲ ಎಂದು ಭಾಷಣ ಮಾಡುವವರು ತಾವೇ ಸಹಿ ಹಾಕಿದ ಆ ಸಾಲುಗಳನ್ನು ಮರೆತಿರುತ್ತಾರೆ ಎಂಬುದು ನನ್ನ ಬಹುಕಾಲದ ಬೇಸರ.

ನಿವೃತ್ತ ಬ್ಯಾಂಕ್ ನೌಕರರು: ಭದ್ರತಾ ಮಂಡಳಿಯ ‘ಪಟ್ಟಿಗೆ ಸೇರಿಸುವುದು’ ಎಂದು ಸುದ್ದಿಯಲ್ಲಿ ಬರುತ್ತದಲ್ಲ, ಅದರಿಂದ ನಿಜಕ್ಕೂ ಏನಾಗುತ್ತದೆ?

ಉತ್ತರ: ಆಸ್ತಿ ಸ್ಥಗಿತ, ಪ್ರಯಾಣ ನಿಷೇಧ, ಶಸ್ತ್ರ ನಿರ್ಬಂಧ. 1999ರ 1267ನೇ ನಿರ್ಣಯದಿಂದ ಹುಟ್ಟಿದ ವ್ಯವಸ್ಥೆ ಇದು. ಹೆಸರು ಸೇರಿಸುವುದನ್ನು ನಿರ್ಧರಿಸುವ ಸಮಿತಿಯಲ್ಲಿ ಭದ್ರತಾ ಮಂಡಳಿಯ 15 ಸದಸ್ಯರೂ ಇರುತ್ತಾರೆ. ಒಬ್ಬರು ತಡೆದರೂ ಹೆಸರು ಸೇರುವುದಿಲ್ಲ. ಪಾಕಿಸ್ತಾನದ ಜೈಷ್-ಎ-ಮೊಹಮ್ಮದ್ ಗುಂಪಿನ ಮುಖ್ಯಸ್ಥ ಮಸೂದ್ ಅಜರ್ ಹೆಸರನ್ನು ಚೀನಾ ವರ್ಷಗಟ್ಟಲೆ ತಡೆದಿತ್ತು. ಅದು ಸೇರಿದ್ದು 2019ರ ಮೇ 1ರಂದು.

ಈ ಪಟ್ಟಿಗೆ ಇನ್ನೊಂದು ಮುಖವೂ ಇದೆ, ಅದರ ಬಗ್ಗೆ ಹೆಚ್ಚು ಮಾತಾಗುವುದಿಲ್ಲ. ಸೌದಿ ಉದ್ಯಮಿ ಯಾಸಿನ್ ಕಾದಿ ಅವರನ್ನು 2001ರಲ್ಲಿ ಪಟ್ಟಿಗೆ ಸೇರಿಸಿ ಅವರ ಆಸ್ತಿಯನ್ನು ಸ್ಥಗಿತಗೊಳಿಸಲಾಯಿತು. ಅವರ ವಿರುದ್ಧದ ಸಾಕ್ಷ್ಯವೇನೆಂದು ಅವರಿಗೇ ತಿಳಿಸಿರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಭದ್ರತಾ ಮಂಡಳಿಯ ಮಾತೇ ಆಗಲಿ, ಯುರೋಪಿನಲ್ಲಿ ಜಾರಿಗೊಳಿಸುವಾಗ ಆತನ ವಾದವನ್ನು ಕೇಳಲೇಬೇಕು ಎಂದಿತು. ಮರುವರ್ಷವೇ ಪಟ್ಟಿಯಲ್ಲಿರುವವರ ಮನವಿ ಪರಿಶೀಲಿಸಲು ಸ್ವತಂತ್ರ ಅಧಿಕಾರಿಯೊಬ್ಬರ ಹುದ್ದೆ ಸೃಷ್ಟಿಯಾಯಿತು. ನ್ಯಾಯಾಲಯವೊಂದು ಗಟ್ಟಿಯಾಗಿ ನಿಂತದ್ದರಿಂದ ಇಡೀ ವ್ಯವಸ್ಥೆ ತಿದ್ದಿಕೊಂಡ ಪ್ರಸಂಗವಿದು. ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಈಗಲೂ ಉತ್ಸಾಹ ಬರುತ್ತದೆ.

ಇನ್ನೊಬ್ಬ ಸದಸ್ಯರು: ಮೇಡಂ, ಕ್ಷಮಿಸಿ. ಹೆಣಗಳು ಬಿದ್ದಿರುವಾಗ ಆರೋಪಿಯ ವಾದ ಕೇಳಬೇಕು ಎಂದರೆ ನನಗೆ ಸಿಟ್ಟು ಬರುತ್ತದೆ. ಕಠಿಣವಾಗಿ ಹೊಡೆದರಲ್ಲವೇ ಇವರು ಅಡಗುವುದು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಕ್ಷಮೆ ಕೇಳಬೇಡಿ. ಬಲಪ್ರಯೋಗ ಬೇಡವೇ ಬೇಡ ಎಂದೂ ನಾನು ಹೇಳುವುದಿಲ್ಲ. 1977ರಲ್ಲಿ ಸೊಮಾಲಿಯದ ಮೊಗಾದಿಶುವಿನಲ್ಲಿ ಪಶ್ಚಿಮ ಜರ್ಮನಿಯ ಕಮಾಂಡೊಗಳು ಅಪಹೃತ ವಿಮಾನಕ್ಕೆ ನುಗ್ಗದಿದ್ದರೆ ಒಳಗಿದ್ದ ಒತ್ತೆಯಾಳುಗಳು ಉಳಿಯುತ್ತಿದ್ದರೆಂದು ಯಾರು ಹೇಳಬಲ್ಲರು?

ಪ್ರಶ್ನೆ ಇರುವುದು ಹೊಡೆತ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ. 1971ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಗುಂಪನ್ನು ಹತ್ತಿಕ್ಕಲೆಂದು, ವಿಚಾರಣೆಯಿಲ್ಲದ ಬಂಧನ ಶುರುವಾಯಿತು. ಮೊದಲ ದಿನವೇ 342 ಜನರನ್ನು ಹಿಡಿದರು. ಪಟ್ಟಿಗಳು ಹಳೆಯವು, ಸಿಕ್ಕವರಲ್ಲಿ ಅನೇಕರಿಗೆ ಬಂದೂಕಿನ ಸಂಬಂಧವೇ ಇರಲಿಲ್ಲ. ಹಿಂಸೆ ಇಳಿಯಲಿಲ್ಲ, ಭುಗಿಲೆದ್ದಿತು. 1972 ಆ ಇಡೀ ಸಂಘರ್ಷದ ಅತಿ ರಕ್ತಸಿಕ್ತ ವರ್ಷವಾಯಿತು. ಸಶಸ್ತ್ರ ಗುಂಪಿಗೆ ಹೊಸಬರನ್ನು ಸೇರಿಸಿಕೊಟ್ಟದ್ದು ಸರ್ಕಾರವೇ.

ಪೆರುವಿನಲ್ಲಿ ‘ಹೊಳೆವ ಹಾದಿ’ ಎಂಬ ಮಾವೋವಾದಿ ಗುಂಪಿನ ವಿರುದ್ಧ ಸೇನೆ ಹಳ್ಳಿಗಳಲ್ಲಿ ವರ್ಷಗಟ್ಟಲೆ ರಕ್ತ ಹರಿಸಿತು. ನಾಯಕ ಅಬಿಮಾಯೆಲ್ ಗುಸ್ಮಾನ್ ಸಿಕ್ಕಿದ್ದು 1992ರಲ್ಲಿ, ಪೊಲೀಸರ ಒಂದು ಸಣ್ಣ ತಂಡಕ್ಕೆ, ರಾಜಧಾನಿ ಲಿಮಾದಲ್ಲೇ. ಅವರು ಅವನು ಅಡಗಿದ್ದ ಮನೆಯ ಕಸದ ಚೀಲಗಳನ್ನು ಕೆದಕಿ, ಅವನಿಗಿದ್ದ ಚರ್ಮರೋಗದ ಔಷಧಿಯ ಟ್ಯೂಬುಗಳನ್ನು ಗುರುತಿಸಿದ್ದರು. ಬಂಧಿಸುವಾಗ ಒಂದು ಗುಂಡೂ ಅವನಿಗೆ ತಾಗಲಿಲ್ಲ. ನಾಯಕನಿಲ್ಲದ ಗುಂಪು ಕೆಲವೇ ವರ್ಷಗಳಲ್ಲಿ ಕುಸಿಯಿತು.

ವಿದ್ಯಾರ್ಥಿ: ಧನ್ಯವಾದ ಮೇಡಂ. 1999ರ ಒಪ್ಪಂದವನ್ನು ಇಂದೇ ಓದುತ್ತೇನೆ. ಮುಂದೆ ಏನು ಓದಲಿ?

ಉತ್ತರ: ಭದ್ರತಾ ಮಂಡಳಿಯ 2001ರ 1373ನೇ ನಿರ್ಣಯ. ಓದುವಾಗ ಒಂದನ್ನು ಗಮನಿಸಿ: ಭಯೋತ್ಪಾದನೆಯನ್ನು ಅಪರಾಧವಾಗಿಸಿ ಎಂದು ಅದು ಎಲ್ಲ ದೇಶಗಳಿಗೂ ಆಜ್ಞಾಪಿಸುತ್ತದೆ, ಆದರೆ ಆ ಪದದ ಅರ್ಥವನ್ನು ಎಲ್ಲಿಯೂ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ಯಾವ ಯಾವ ಸರ್ಕಾರ ಯಾರ ಹೆಸರಿನಿಂದ ತುಂಬಿತು ಎಂದು ಹುಡುಕಿ, ಸಿಕ್ಕಿದ್ದನ್ನು ಇಲ್ಲಿ ಬರೆಯಿರಿ.