ಟೆನರ್ ದನಿ ಎಫ್ ಹತ್ತಿರ ಒಡೆಯುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ (ಕುರ್ಲಾ): ಕಾಯರ್‌ನಲ್ಲಿ (ಗಾಯನವೃಂದ) ಟೆನರ್, ಅಂದರೆ ಗಂಡಸರ ಮೇಲಿನ ದನಿ, ಹಾಡ್ತೇನೆ. ಮಧ್ಯ ಸಿ (ಪಿಯಾನೊದ ನಡುವಿನ ಸ್ವರ) ಮೇಲಿನ ಇ ತನಕ ಎದೆದನಿ, ಅಂದರೆ ಮಾತಾಡುವಂಥ ತುಂಬು ದನಿ, ಗಟ್ಟಿ ಬರ್ತದೆ, ಎಫ್‌ಗೆ ಒಡೀತದೆ. ಮರುದಿನ ಗಂಟಲು ಉರಿ. ಎದೆದನಿಯಲ್ಲೇ ಏರಿಸಬೇಕಾ, ಫಾಲ್ಸೆಟ್ಟೊಗೆ (ತೆಳ್ಳಗಿನ ಕಳ್ಳದನಿ) ಬಿಡಬೇಕಾ?

ಐವನ್, ಮಡಗಾಂವ್: ಎರಡೂ ಬೇಡ ಮಾರಾಯ್ರೆ. ನಾನು ಹಿಡಿದದ್ದು ಎರಡನ್ನೂ ಬೆರೆಸಿದ ಮಿಶ್ರದನಿ, ಇವತ್ತಿಗೂ ಅದೇ ಸರಿ ಅಂತೇನೆ. ಟೆನರ್‌ನ ದನಿ ಒಂದು ಬಗೆಯಿಂದ ಇನ್ನೊಂದಕ್ಕೆ ಹೊರಳುವ ದಾಟು ಇರುವುದೇ ಡಿ ಮತ್ತು ಜಿ ನಡುವೆ. ಬಾಯಿ ತೆರೆದ ‘ಆ’ದ ಮೊದಲ ಅನುರಣನ ಸುಮಾರು 700 ಹರ್ಟ್ಸ್. ಎಫ್ ಅಂದರೆ 349, ಅದರ ಇಮ್ಮಡಿ 698, ಅಂದರೆ ಆ ಅನುರಣನಕ್ಕೇ ಬಂದು ತಾಗ್ತದೆ. ಅಲ್ಲಿಂದ ಮೇಲೂ ಅದೇ ‘ಆ’ ಹಿಡಿದರೆ ಗಂಟಲಗೂಡು (ಧ್ವನಿಪೆಟ್ಟಿಗೆ) ಮೇಲೇರಿ ಹಾಡು ಕೂಗಾಗ್ತದೆ, ಆಮೇಲೆ ಒಡೀತದೆ. ಇ ಫ್ಲಾಟ್‌ನಿಂದಲೇ (ಇ ಗಿಂತ ಅರ್ಧ ಸ್ವರ ಕೆಳಗೆ) ‘ಓ’ ಕಡೆ ವಾಲಿಸಿ. ಅಭ್ಯಾಸ ಮೇಲಿಂದ ಕೆಳಕ್ಕೆ ಮಾಡಿ: ಜಿ ಯಿಂದ ಸಿ ಗೆ ಐದು ಸ್ವರ, ಮೆತ್ತಗಿನ ‘ಊ’. ಅದಕ್ಕೆ ಮುಂಚೆ 5-6 ಮಿಮೀ ಸ್ಟ್ರಾದಲ್ಲಿ ದನಿ ಮಾಡುತ್ತಾ ಊದಿ, ತುದಿ ನೀರಲ್ಲಿ 2-3 ಸೆಂಮೀ. ಗುಳ್ಳೆ ಒಂದೇ ಸಮ ಏಳಬೇಕು. ಕುತ್ತಿಗೆ ನರ ಉಬ್ಬಿದರೆ ನೀವು ಒತ್ತುತ್ತಿದ್ದೀರಿ.

ವಿನಾಯಕ, ಪುಣೆ: ಈ ‘ಓ, ಊ’ ಪಾಠಕ್ಕ ಒಂದೊಂದು ಕ್ಲಾಸಿಗೆ 1200 ರೂಪಾಯಿ ಸುರಿದೇನ್ರೀ, ರಿಕ್ಷಾ ಖರ್ಚು ಬ್ಯಾರೆ. ಸಿಕ್ಕಿದ್ದು ತೆಳ್ಳಗಿನ ದನಿ. ಖರ್ಜಕ್ಕ, ಅಂದ್ರ ಕೆಳಗಿನ ಮಂದ್ರ ಸ್ವರದ ರಿಯಾಜಿಗೆ, ಬಂದ ಮ್ಯಾಲೆ ತುಂಬಿತು. ಬಿಳಿ ಒಂದರಾಗ (ಷಡ್ಜ ಸಿ ಮ್ಯಾಲೆ ಇಟ್ಟು) ಹಾಡೋ ಗಂಡಸಿನ ತಾರ ಪಂಚಮ ಅಂದ್ರ ಅದ ನಿಮ್ಮ ಜಿ, ನಾವು ಆಕಾರ (‘ಆ’ ಅನ್ನೋ ಉಚ್ಚಾರ) ಬಿಚ್ಚೇ ಹಚ್ಚತೀವಿ. ಇದ ಪುಣೆಯೊಳಗ ಭೀಮಸೇನ ಜೋಶಿಯವರು ತಾರಸಪ್ತಕ ಹೆಂಗ ತುಂಬತಿದ್ರು, ಕೇಳೀರೇನು? ನಸುಕಿನ್ಯಾಗ ಮಂದ್ರ ಪಂಚಮದ ಮ್ಯಾಲೆ ನಿಲ್ರಿ, ಒಂದು ಉಸಿರಿಗೆ ಒಂದ ಸ್ವರ. ದನಿ ಗೊರಗೊರ ಅಂದ್ರ ಮಂದ್ರ ಧೈವತಕ್ಕ ಬರ್ರಿ, ಕೆಳಗ ಒತ್ತಬ್ಯಾಡ್ರಿ.

ಐವನ್: ಹೋಲಿಕೆಯೇ ತಪ್ಪು. ಷಡ್ಜ ನಿಮ್ಮ ಕೈಲಿದೆ, ಕಷ್ಟ ಆದರೆ ಕರಿ ಒಂದರಿಂದ (ಸಿ ಶಾರ್ಪ್) ಬಿಳಿ ಒಂದಕ್ಕೆ ಇಳೀತೀರಿ. ಕಾಯರ್ ಹಾಳೆಯಲ್ಲಿ ಎ ಬರೆದಿದ್ದರೆ ಎಲ್ಲರಿಗೂ 440 ಹರ್ಟ್ಸ್. ನಿಮಗೆ ಮೈಕ್ ಉಂಟು. ಆರ್ಕೆಸ್ಟ್ರಾ ದಾಟಿ ಬರಿದನಿ ಕೇಳಬೇಕಾದರೆ 3000 ಹರ್ಟ್ಸ್ ಸುತ್ತ ಹೊಳಪು ಕೂಡಬೇಕು, ಕೂಗಿದರೆ ಕೂಡುವುದಿಲ್ಲ. 1837ರಲ್ಲಿ ಫ್ರೆಂಚ್ ಟೆನರ್ ದ್ಯುಪ್ರೇ ಪ್ಯಾರಿಸ್ ಒಪೆರಾದಲ್ಲಿ ‘ಎದೆಯಿಂದ’ ಮೇಲಿನ ಸಿ ಹಾಡಿದ ಅಂತಾರೆ. ಅದೂ ಮುಚ್ಚಿದ, ಅಂದರೆ ‘ಓ’ ಕಡೆ ವಾಲಿಸಿದ, ದನಿಯೇ, ನಿಮ್ಮ ಬಿಚ್ಚು ಆಕಾರ ಅಲ್ಲ.

ವಿನಾಯಕ: ಮೈಕ್ ಅಂತ ಹಗುರ ಮಾತಾಡಬ್ಯಾಡ್ರಿ. ರಿಯಾಜಿನ್ಯಾಗ ಯಾರ ಮುಂದ ಮೈಕ್ ಇರತೈತಿ?

ಶೈಲಜಾ, ಠಾಣೆ: ಆ ಗಂಟಲ ಉರಿ ಬಗ್ಗೆ ಇಬ್ಬರೂ ಮಾತೇ ಆಡಲಿಲ್ಲ! ದನಿ ಎರಡು ವಾರಕ್ಕಿಂತ ಹೆಚ್ಚು ಗೊಗ್ಗರಾಗಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರು. ಸಾದಾ ಎಂಡೋಸ್ಕೋಪಿಗೆ ದುಡ್ಡು ಕೊಟ್ಟು, ಅದರಲ್ಲಿ ಕಂಪನ ಕಾಣಲಿಲ್ಲ ಅಂತ ಮತ್ತೆ ಸ್ಟ್ರೋಬೋಸ್ಕೋಪಿಗೆ (ಮಿನುಗುವ ಬೆಳಕಲ್ಲಿ ಧ್ವನಿತಂತುವಿನ ಕಂಪನ ತೋರಿಸುವ ಪರೀಕ್ಷೆ) ಕೊಟ್ಟವಳು ನಾನು, ನೀವು ನೇರ ಎರಡನೆಯದನ್ನೇ ಕೇಳಿ. ದನಿ ಒತ್ತಿದರೆ ಆಗುವ ಗಂಟು ಸಾಮಾನ್ಯವಾಗಿ ಧ್ವನಿತಂತುವಿನ ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಏಳುತ್ತೆ. ಲೋಕಲ್ ಟ್ರೇನಿನ ಸದ್ದಿನ ಮೇಲೆ ಮಾತಾಡಬೇಡಿ. ಪಿಸುಮಾತು ವಿಶ್ರಾಂತಿ ಅಲ್ಲ. ರಿಹರ್ಸಲ್ ಮುಗಿಸಿ ಹನ್ನೊಂದಕ್ಕೆ ಉಂಡು ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೇ ಬರುತ್ತೆ, ಊಟಕ್ಕೂ ನಿದ್ದೆಗೂ ಮೂರು ಗಂಟೆ ಬಿಡಿ.

ವಿನಾಯಕ: ಮದಲ ಡಾಕ್ಟರ್ ಕಡೆ ಓಡಸ್ತೀರಿ. ಜ್ಯೇಷ್ಠಮಧು ಬಾಯಾಗ ಇಟ್ಕೊಂಡ್ರ ಧ್ವನಿತಂತು ಮೆತ್ತಗಾಗತಾವ.

ಶೈಲಜಾ: ನುಂಗಿದ್ದು ಅನ್ನನಾಳಕ್ಕೆ ಹೋಗುತ್ತೆ, ಧ್ವನಿತಂತು ಇರೋದು ಉಸಿರುದಾರಿಯಲ್ಲಿ. ಜೊಲ್ಲು ಬರಿಸಿ ಕೆಮ್ಮು ತಡೆಯಬಹುದು, ಅಷ್ಟೇ. ಹಬೆ ಮುಟ್ಟುತ್ತೆ, ಕಡ್ಡಿ ಮುಟ್ಟಲ್ಲ. ರಕ್ತದೊತ್ತಡ ಇರುವವರಿಗೆ ದಿನಾ ಜ್ಯೇಷ್ಠಮಧು ಹೇಳಲೇಬೇಡಿ, ಒತ್ತಡ ಏರಿಸುತ್ತೆ.