ಮೈಸೂರು–ಊಟಿ ಸೈಕಲ್ ಟೂರ್: ಸಪೋರ್ಟ್ ಗಾಡಿ ಟೀಟಿನಾ (ಟೆಂಪೋ ಟ್ರಾವೆಲರ್), ಪಿಕಪ್ಪಾ?

ಕೇಳಿದವರು: ಹನ್ನೆರಡು ಜನ, ಬಂಡೀಪುರ, ಮಸಿನಗುಡಿ, ಕಲ್ಹಟ್ಟಿ ಮೇಲೆ ಊಟಿ. ಮೂರನೇ ದಿನ ಸೈಕಲ್ ಹೇರಿಕೊಂಡು ವಾಪಸ್. ಯಾವ ಗಾಡಿ ತಗೊಳ್ಳೋದು? ಅನುಭವ ಇರೋರು ಹೇಳಿ.

ಚೈನ್ ಕಿಟ್ಟಿ: ಕಣ್ಣುಮುಚ್ಚಿ ಬೊಲೆರೊ ಪಿಕಪ್. ಸೈಕಲ್ ನಿಲ್ಲಿಸಿಯೇ ಕಟ್ಟಿ, ಒಂದರ ಹ್ಯಾಂಡಲ್ ಮುಂದಕ್ಕೆ, ಪಕ್ಕದ್ದು ಹಿಂದಕ್ಕೆ, ನಡುವೆ ಹಳೇ ಕಂಬಳಿ. ಒಂದರ ಮೇಲೊಂದು ಮಲಗಿಸಿದರೆ ಹ್ಯಾಂಗರ್ (ಗೇರ್ ಬದಲಿಸೋ ಹಿಂದಿನ ಡಿರೇಲರ್ ನೇತುಹಾಕೋ ಕೊಂಡಿ) ಬಗ್ಗುತ್ತೆ. ಅದು ಗೊತ್ತಾಗೋದು ಘಾಟಿಯಲ್ಲಿ ದೊಡ್ಡ ಕಾಗ್‌ಗೆ (ಹಿಂಚಕ್ರದ ಹಲ್ಲುಗಾಲಿಗೆ) ಚೈನ್ ಹಾಕಿದಾಗ: ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕಿ ಚಕ್ರವೂ ಹಾಳು. ಒಬ್ಬರ ಹ್ಯಾಂಗರ್ ಇನ್ನೊಬ್ಬರಿಗೆ ಕೂರಲ್ಲ, ಅವರವರದು ಅವರೇ ತರಲಿ.

ಟೀಟಿ ಪಾರ್ಟಿ: ಕಲ್ಹಟ್ಟಿಯ 36 ತಿರುವಲ್ಲಿ ಕಾಲು ಹಿಡಿದುಕೊಂಡವರು ಎಲ್ಲಿ ಕೂರಬೇಕು ಸ್ವಾಮಿ, ಪಿಕಪ್ ತೊಟ್ಟಿಯಲ್ಲಾ? ಗೂಡ್ಸ್ ಗಾಡೀಲಿ ಜನ ಹತ್ತಿಸಿದರೆ ಕೇಸು. ಟೀಟಿ, ಮೇಲೆ ಕ್ಯಾರಿಯರ್. ಮುಂಚಕ್ರ ಬಿಚ್ಚಿದರೆ ಡಿಸ್ಕ್ ಪ್ಯಾಡ್‌ಗಳ ನಡುವೆ ರಟ್ಟು ಮಡಿಸಿ ಇಡಿ. ಇಲ್ಲದಿದ್ದರೆ, ಯಾರೋ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ರೋಟರ್ (ಚಕ್ರದ ಬ್ರೇಕ್ ತಟ್ಟೆ) ಒಳಗೆ ಹೋಗಲ್ಲ.

ಚೈನ್ ಕಿಟ್ಟಿ: ದುಡ್ಡಿನ ಲೆಕ್ಕ ಹೇಳಿ ಮೊದಲು. ದಿನಕ್ಕೆ ಕನಿಷ್ಠ 300 ಕಿ.ಮೀ. ಅಂತ ಒಪ್ಪಿದರೆ ಮೂರು ದಿನಕ್ಕೆ 900ರ ಬಿಲ್. ಓಡೋದು ಅದರ ಮೂರನೇ ಒಂದು ಪಾಲು. ಮೇಲೆ ಡ್ರೈವರ್ ಬಾಟಾ, ತಮಿಳುನಾಡು ಪರ್ಮಿಟ್. ಊಟಿ ಇ-ಪಾಸ್ ಬೇರೆ ಮಾಡಿಸಬೇಕು.

ಗುಂಡ್ಲುಪೇಟೆ ಹೈದ: ಇಬ್ಬರೂ ಮುಖ್ಯವಾದದ್ದು ಬಿಟ್ಟಿರಿ. ಕಲ್ಹಟ್ಟಿಯಲ್ಲಿ ಹೊರಗಿನ ಗಾಡಿ ಹತ್ತಬಹುದು, ಇಳಿಯೋಕೆ ಬಿಡಲ್ಲ. ವಾಪಸ್ ಗೂಡಲೂರು ಮೇಲೇ. ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6 ಬಂದ್.

ಟೀಟಿ ಪಾರ್ಟಿ: ಗಾಡಿ ಸೈಕಲ್ಲಿನ ಹಿಂದೇ ಬರಬೇಕು, ಅಷ್ಟೇ.

ಗುಂಡ್ಲುಪೇಟೆ ಹೈದ: ಹತ್ತು ಕಿ.ಮೀ. ವೇಗದಲ್ಲಿ ಘಾಟಿ ಹತ್ತಿಸಿ ನೋಡಿ, ಕ್ಲಚ್ ಪ್ಲೇಟ್ ವಾಸನೆ ಮೂಗಿಗೇ ಬರುತ್ತೆ. 15 ಕಿ.ಮೀ. ಮುಂದೆ ಹೋಗಿ ಕಾಯಲಿ. ಕಾಡಿನೊಳಗೆ ಮಾತ್ರ ನಿಲ್ಲಿಸೋ ಹಾಗಿಲ್ಲ, ಗೇಟಿಗೆ ಮುಂಚೆಯೇ ಎಲ್ಲರ ಬಾಟಲಿ ತುಂಬಿಸಿ. 20 ಲೀಟರ್ ಕ್ಯಾನ್ ಎರಡು. ನೀಲಗಿರಿಗೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ. ಪ್ರೆಸ್ಟಾ (ಸೈಕಲ್ ಟ್ಯೂಬಿನ ಸಪೂರ ವಾಲ್ವ್) ಅಡಾಪ್ಟರ್ ಎರಡು ಇರಲಿ, ಪಂಕ್ಚರ್ ಅಂಗಡಿ ಪಂಪು ಆ ವಾಲ್ವಿಗೆ ಕೂರಲ್ಲ. ನಂಜನಗೂಡಲ್ಲಿ ರಸಬಾಳೆ ಹಾಕಿಸಿಕೊಳ್ಳಿ.

ಚೈನ್ ಕಿಟ್ಟಿ: ರಸಬಾಳೆ ರೇಟು ಗೊತ್ತೇನ್ರೀ? ಏಲಕ್ಕಿ ಬಾಳೆ ಸಾಕು.

ಗುಂಡ್ಲುಪೇಟೆ ಹೈದ: ಏಲಕ್ಕಿ ಎಷ್ಟು ತಿಂದರೂ ಘಾಟಿಗೆ ಸಾಲಲ್ಲ.

ಟೀಟಿ ಪಾರ್ಟಿ: ಪಿಕಪ್ ತೊಟ್ಟಿಯಲ್ಲಿ ಎರಡೂ ಜಜ್ಜಿಹೋಗುತ್ತವೆ ಬಿಡಿ.

ಕೇಳಿದವರು: ಅಲ್ಲ, ಒಂದು ಪಿಕಪ್ಪಿಗೆ ಹನ್ನೆರಡು ಸೈಕಲ್ ಹಿಡಿಯುತ್ತಾ?